ಪಾರ್ಕೋರ್ ಗುಂಪಿಗೆ ಬಂದ ಹೊಸಬರು ಮತ್ತೆ ಬರೋದೇ ಇಲ್ಲ, ಏನು ಮಾಡೋದು?

ದಾವಣಗೆರೆಯಲ್ಲಿ ಭಾನುವಾರ ಹತ್ತು-ಹನ್ನೆರಡು ಜನ ಪಾರ್ಕೋರ್‌ಗೆ (ಗೋಡೆ, ಕಂಬಿಯಂಥ ಅಡೆತಡೆಗಳನ್ನು ಓಡಿ, ಜಿಗಿದು, ಏರಿ ದಾಟುವ ಅಭ್ಯಾಸ) ಸೇರ್ತೀವಿ, ಹೊಸಬರು ಒಂದೇ ದಿನಕ್ಕೆ ನಿಲ್ಲಿಸ್ತಾರೆ ಅಂದಿದ್ದೀರಿ. ನನ್ನ ಪ್ರಕಾರ ಮೊದಲು ತೆಗೆಯಬೇಕಾದ್ದು ಸಾಲು. ಒಂದೇ ಗೋಡೆ ಮುಂದೆ ಹನ್ನೆರಡು ಜನ ನಿಂತರೆ, ಸರದಿ ಬರುವಷ್ಟರಲ್ಲಿ ಹೊಸಬರ ಮೈ ತಣ್ಣಗಾಗಿರುತ್ತೆ, ಎಲ್ಲರ ಕಣ್ಣೂ ಅವರ ಮೇಲಿರುತ್ತೆ. ಮೂರು-ಮೂರು ಜನರನ್ನು ಬೇರೆ ಬೇರೆ ಜಾಗಕ್ಕೆ ಹಂಚಿ. ಪ್ರತಿ ಗುಂಪಲ್ಲೂ ಒಬ್ಬ ಹಳಬರಿರಲಿ, ಆದರೆ ಅವರು ಮೊದಲೇ ತಮ್ಮ ದೊಡ್ಡ ಜಿಗಿತ ತೋರಿಸೋದು ಬೇಡ.

ಮೊದಲ ದಿನ ಎತ್ತರವೇ ಬೇಡ. ನೆಲದ ಮೇಲೆ ಸುಣ್ಣದಲ್ಲಿ ಎರಡು ಗೆರೆ ಎಳೆದು ಪ್ರಿಸಿಷನ್ ಜಂಪ್, ಅಂದರೆ ಗುರುತಿಟ್ಟ ಜಾಗಕ್ಕೇ ಸರಿಯಾಗಿ ಜಿಗಿದು ನಿಲ್ಲೋದು, ಮಾಡಿಸಿ. ಅಂತರವನ್ನು ಅವರವರ ಪಾದದಲ್ಲೇ ಅಳೆಸಿ. ನಾಲ್ಕು ಪಾದದಿಂದ ಶುರು ಮಾಡಿ, ಮೂರು ಸಲ ಅಲುಗದೆ ನಿಂತರೆ ಅರ್ಧ ಪಾದ ಹೆಚ್ಚಿಸಿ. ಆಗ ಪಕ್ಕದವರ ಜೊತೆ ಹೋಲಿಕೆ ತಾನಾಗೇ ತಪ್ಪುತ್ತೆ. ಪಾದದ ಮುಂಭಾಗದ ಮೇಲೆ ಇಳಿಯಬೇಕು, ಮಂಡಿ ಕಾಲ್ಬೆರಳಿನ ದಿಕ್ಕಿಗೇ ಮಡಚಬೇಕು. ಮಂಡಿ ಒಳಕ್ಕೆ ವಾಲಿದರೆ ಅಥವಾ ಇಳಿದಾಗ ದಪ್ ಅಂತ ಸದ್ದಾದರೆ ಒಂದು ಪಾದ ಕಡಿಮೆ ಮಾಡಿ.

ರೋಲ್ (ಜಿಗಿದು ಇಳಿದ ರಭಸ ಕಳೆಯೋಕೆ ನೆಲದ ಮೇಲೆ ಉರುಳೋದು) ಹುಲ್ಲಿನ ಮೇಲೆ, ಮಂಡಿಯೂರಿಯೇ ಶುರುವಾಗಲಿ. ಬಲ ಭುಜದಿಂದ ಎಡ ಸೊಂಟಕ್ಕೆ ಓರೆಯಾಗಿ ಉರುಳಬೇಕು, ಮುಖ ಎಡಕ್ಕೆ ತಿರುಗಿರಬೇಕು, ತಲೆ ನೆಲಕ್ಕೆ ತಾಗಬಾರದು. ಹೆದರಿದವರು ನೇರ ಲಾಗ ಹಾಕಿಬಿಡ್ತಾರೆ, ಬೆನ್ನುಮೂಳೆ ನೆಲಕ್ಕೆ ಬಡಿಯುತ್ತೆ. ಮಾರನೇ ವಾರ ಬಾರದಿರೋದಕ್ಕೆ ಆ ನೋವೊಂದೇ ಸಾಕು.

'ಹಾರು, ಹಾರು' ಅಂತ ಯಾರೂ ಕೂಗಬಾರದು. ಇದರ ಬಗ್ಗೆ ದಯವಿಟ್ಟು ಕಟ್ಟುನಿಟ್ಟಾಗಿರಿ. ಬಲವಂತಕ್ಕೆ ಅರೆಮನಸ್ಸಿನಲ್ಲಿ ಹಾರಿದವರು ಗುರಿ ತಲುಪದೆ, ಮಂಡಿ ಕೆಳಗಿನ ಎಲುಬನ್ನು ಗೋಡೆ ಅಂಚಿಗೆ ಹೊಡೆಸಿಕೊಳ್ತಾರೆ. ಬೇಡ ಅಂದವರಿಗೆ ಕಾರಣ ಕೇಳದೆ ಚಿಕ್ಕ ಜಿಗಿತ ಕೊಡಿ. ದೊಡ್ಡ ಜಿಗಿತಕ್ಕಷ್ಟೇ ಚಪ್ಪಾಳೆ ತಟ್ಟೋದನ್ನೂ ಬಿಡಿ.

ಕುಂದವಾಡ ಕೆರೆ ಹತ್ತಿರ ಬೆಳಿಗ್ಗೆ ವಾಕಿಂಗ್ ಬಂದವರು ನಿಂತು ನೋಡ್ತಾರೆ, ಮೊಬೈಲ್ ತೆಗೀತಾರೆ. ಮೊದಲ ತಿಂಗಳು ಅನುಮತಿ ಪಡೆದು ಯಾವುದಾದರೂ ಶಾಲಾ ಮೈದಾನದ ಮೂಲೆ ಹಿಡಿಯಿರಿ, ವಿಡಿಯೋ ಬೇಡ. ಹೆಣ್ಣುಮಕ್ಕಳು ಉಳಿಯಬೇಕಾದರೆ ಇದು ಮುಖ್ಯ. ಬೇಸಿಗೆಯಲ್ಲಿ ಆರಕ್ಕೇ ಶುರು ಮಾಡಿ, ಬಿಸಿಲೇರಿದರೆ ಕಬ್ಬಿಣದ ಕಂಬಿ ಮುಟ್ಟೋಕಾಗಲ್ಲ.

ಚಿತ್ರದುರ್ಗದ ಕೋಟೆ ಗೋಡೆ ಬರಿಗೈಲಿ ಏರುವ ಜ್ಯೋತಿರಾಜ್ ಅವರನ್ನು ನೋಡಿ ಬಂದ ಹುಡುಗರು ಮೊದಲ ದಿನವೇ ಗೋಡೆ ಹತ್ತಬೇಕು ಅಂತಾರೆ. ಕೋಟೆ ಸಂರಕ್ಷಿತ ಸ್ಮಾರಕ, ಅಲ್ಲಿ ಅಭ್ಯಾಸ ಬೇಡ. ಅವರಿಗೆ ಎದೆಯೆತ್ತರದ ಗಟ್ಟಿ ಗೋಡೆಯಲ್ಲಿ ಕ್ಯಾಟ್ ಹ್ಯಾಂಗ್ ಕೊಡಿ: ಎರಡೂ ಕೈ ಅಂಚಿನ ಮೇಲೆ, ಪಾದ ಗೋಡೆಗೆ ಒತ್ತಿ, ಹತ್ತು ಸೆಕೆಂಡ್ ನೇತಾಡಿ ಮೆಲ್ಲಗೆ ಇಳಿಯೋದು.