ಕಾವೇರುವ ಲ್ಯಾಪ್‌ಟಾಪ್, ಚಾರ್ಜ್ ಆಗದ ಬ್ಯಾಟರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ನಾಲ್ಕು ವರ್ಷ ಹಳೆಯದಾದ ನನ್ನ ಲ್ಯಾಪ್‌ಟಾಪ್‌ನಲ್ಲಿ ಬೇಸಿಗೆ ಶುರುವಾದಾಗಿನಿಂದ ಫ್ಯಾನಿನ ಸದ್ದು ವಿಪರೀತವಾಗಿದೆ. ಹಾಸಿಗೆಯ ಮೇಲಿಟ್ಟು ಸ್ವಲ್ಪ ಹೊತ್ತು ವಿಡಿಯೊ ಪಾಠ ನೋಡಿದರೆ ನಿಧಾನವಾಗುತ್ತದೆ, ಒಮ್ಮೊಮ್ಮೆ ತಾನಾಗಿಯೇ ಆಫ್ ಆಗುತ್ತದೆ. ಅಂಗಡಿಯವರು ಮದರ್‌ಬೋರ್ಡ್ ಬದಲಿಸಬೇಕು ಎನ್ನುತ್ತಿದ್ದಾರೆ. ಬೇರೆ ದಾರಿಯಿಲ್ಲವೇ? (ರಾಯಚೂರು)

ಉತ್ತರ: ಮದರ್‌ಬೋರ್ಡಿಗೆ ಹಣ ಕೊಡುವ ಮೊದಲು ಸ್ವಲ್ಪ ತಾಳಿ. ನೀವು ಹೇಳಿದ ಮೂರೂ ಲಕ್ಷಣಗಳು, ಅಂದರೆ ಫ್ಯಾನಿನ ಸದ್ದು, ಆಮೇಲೆ ನಿಧಾನಗತಿ, ಕೊನೆಗೆ ಆಫ್ ಆಗುವುದು, ಇದೇ ಕ್ರಮದಲ್ಲಿ ಬರುತ್ತಿದ್ದರೆ ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಎಂದೇ ಬಹುಮಟ್ಟಿಗೆ ಅರ್ಥ. ಲ್ಯಾಪ್‌ಟಾಪ್‌ನ ಮುಖ್ಯ ಚಿಪ್ಪಾದ ಪ್ರೊಸೆಸರ್‌ನೊಳಗೇ ಉಷ್ಣತೆಯನ್ನು ಅಳೆಯುವ ವ್ಯವಸ್ಥೆ ಇರುತ್ತದೆ. ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅದರ ಮಿತಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದೆ. ಆ ಮಿತಿ ಹತ್ತಿರವಾದಂತೆ ಪ್ರೊಸೆಸರ್ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ವಿದ್ಯುತ್ತನ್ನೇ ಕಡಿದುಕೊಳ್ಳುತ್ತದೆ.

ಪ್ರೊಸೆಸರ್‌ನ ಬಿಸಿ ಹೊರಗೆ ಬರುವ ದಾರಿ ಹೀಗಿದೆ: ಚಿಪ್ಪಿನ ಮೇಲೆ ಬಿಸಿಯನ್ನು ದಾಟಿಸುವ ಲೇಪವಾದ ಥರ್ಮಲ್ ಪೇಸ್ಟ್, ಅದರ ಮೇಲೆ ತಾಮ್ರದ ಕೊಳವೆ, ಕೊಳವೆಯ ಇನ್ನೊಂದು ತುದಿಯಲ್ಲಿ ಒತ್ತೊತ್ತಾಗಿ ಜೋಡಿಸಿದ ಲೋಹದ ತೆಳು ರೆಕ್ಕೆಗಳು, ಅವುಗಳ ನಡುವೆ ಗಾಳಿ ನುಗ್ಗಿಸುವ ಫ್ಯಾನ್. ಈ ದಾರಿ ಎಲ್ಲಿ ಕಟ್ಟಿಕೊಂಡರೂ ಬಿಸಿ ಒಳಗೇ ಉಳಿಯುತ್ತದೆ. ನಾಲ್ಕು ವರ್ಷದಲ್ಲಿ ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಧೂಳು, ಕೂದಲು, ಬಟ್ಟೆಯ ನಾರು ಸೇರಿ ಕಂಬಳಿಯಂಥ ಪದರ ಕೂತಿರುತ್ತದೆ; ಹೊರಗಿನಿಂದ ನೋಡಿದರೆ ಅದು ಕಾಣುವುದೇ ಇಲ್ಲ. ಪೇಸ್ಟ್ ಕೂಡ ಕಾಲಕ್ರಮದಲ್ಲಿ ಒಣಗುತ್ತದೆ. ಇದರ ಮೇಲೆ ಹಾಸಿಗೆಯು ತಳಭಾಗದ ಗಾಳಿಕಿಂಡಿಗಳನ್ನು ಪೂರ್ತಿ ಮುಚ್ಚಿಬಿಡುತ್ತದೆ. ಅನೇಕ ತಯಾರಕರು ಸುತ್ತಲಿನ ಗಾಳಿ 35 ಡಿಗ್ರಿ ಇರುವವರೆಗಷ್ಟೇ ಬಳಸಿ ಎಂದು ಸೂಚಿಸುತ್ತಾರೆ. ರಾಯಚೂರಿನ ಬೇಸಿಗೆ 40 ದಾಟುವುದು ನಿಮಗೆ ಹೊಸತಲ್ಲ. ಅಷ್ಟು ಬಿಸಿಯಾದ ಗಾಳಿಯನ್ನು ಫ್ಯಾನ್ ಎಷ್ಟು ಜೋರಾಗಿ ಊದಿದರೂ ತಂಪಾಗುವುದು ಕಡಿಮೆ.

ಆದ್ದರಿಂದ ಮೊದಲು ಲ್ಯಾಪ್‌ಟಾಪನ್ನು ಮೇಜು ಅಥವಾ ಮರದ ಹಲಗೆಯ ಮೇಲಿಟ್ಟು, ಹಿಂಬದಿಯನ್ನು ಒಂದೆರಡು ಬೆರಳಿನಷ್ಟು ಎತ್ತರಿಸಿ ಒಂದು ದಿನ ಕೆಲಸ ಮಾಡಿ ನೋಡಿ. ಅಷ್ಟರಿಂದಲೇ ವ್ಯತ್ಯಾಸ ಕಂಡರೆ ದೋಷ ಗಾಳಿಯ ದಾರಿಯಲ್ಲಿದೆ. ಆಮೇಲೆ ನಂಬಿಕೆಯ ತಂತ್ರಜ್ಞರಲ್ಲಿ ಒಳಗಿನ ಧೂಳು ತೆಗೆಸಿ, ಹೊಸ ಪೇಸ್ಟ್ ಹಚ್ಚಿಸಿ. ಇದಕ್ಕೆ ತಗಲುವ ಖರ್ಚು ಮದರ್‌ಬೋರ್ಡಿನ ಬೆಲೆಯ ಸಣ್ಣ ಪಾಲು ಮಾತ್ರ. ಗಾಳಿ ಊದಿ ಸ್ವಚ್ಛಗೊಳಿಸುವಾಗ ಫ್ಯಾನ್ ಮಿತಿಮೀರಿ ತಿರುಗದಂತೆ ಅದರ ರೆಕ್ಕೆಯನ್ನು ಹಿಡಿದುಕೊಳ್ಳಬೇಕು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸಬಾರದು, ಏಕೆಂದರೆ ಅದರಿಂದ ಹುಟ್ಟುವ ಸ್ಥಿರ ವಿದ್ಯುತ್ತು ಸೂಕ್ಷ್ಮ ಬಿಡಿಭಾಗಗಳನ್ನು ಕೆಡಿಸಬಹುದು. ಹಲವು ವಿಂಡೋಸ್ ಯಂತ್ರಗಳಲ್ಲಿ ಪವರ್ ಆಯ್ಕೆಗಳೊಳಗೆ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು ಶೇ 100ರಿಂದ 99ಕ್ಕೆ ಇಳಿಸಿದರೆ ಟರ್ಬೊ ವೇಗ (ಪ್ರೊಸೆಸರ್ ಸ್ವಲ್ಪ ಹೊತ್ತು ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಂತು ಬಿಸಿ ಗಮನಾರ್ಹವಾಗಿ ತಗ್ಗುತ್ತದೆ. ವಿಡಿಯೊ ಪಾಠಕ್ಕೆ ಆ ವೇಗದ ಅಗತ್ಯವೂ ಇಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಆಫ್ ಆಗುತ್ತಿದ್ದರೆ ಆಗ ಮದರ್‌ಬೋರ್ಡಿನ ಮಾತು ಕೇಳೋಣ.

ಪ್ರಶ್ನೆ: ಅಡಾಪ್ಟರ್ ಹಾಕಿದರೂ ‘ಚಾರ್ಜ್ ಆಗುತ್ತಿಲ್ಲ’ ಎಂದು ಪರದೆಯ ಮೇಲೆ ಬರುತ್ತದೆ. ಲೋಹದ ಮೈ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ನಮ್ಮಲ್ಲಿ ವೋಲ್ಟೇಜ್ ಏರಿಳಿತವಿದೆ, ಅದೇ ಕಾರಣವೇ? (ಸಾಗರ)

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಎಂದು ಮುದ್ರಿಸಿದ್ದರೆ 230 ವೋಲ್ಟಿನ ಲೈನು 170ಕ್ಕೆ ಇಳಿದರೂ ಅದು ಕೆಲಸ ಮಾಡುತ್ತದೆ, ಹೀಗಾಗಿ ಚಾರ್ಜ್ ಆಗದಿರುವುದಕ್ಕೆ ಕಡಿಮೆ ವೋಲ್ಟೇಜ್ ಕಾರಣವಾಗಿರುವುದು ಅಪರೂಪ. ತಯಾರಕರ ಆ್ಯಪ್‌ನಲ್ಲಿ ಬ್ಯಾಟರಿಯ ಮಿತಿಯನ್ನು ಶೇ 60 ಅಥವಾ 80ಕ್ಕೆ ನಿಗದಿಪಡಿಸಿದ್ದರೆ ಅಲ್ಲಿಗೆ ಮುಟ್ಟಿದ ಮೇಲೆ ಚಾರ್ಜಿಂಗ್ ನಿಲ್ಲುತ್ತದೆ. ಮೊದಲು ಅದನ್ನು ನೋಡಿ. ನಿಮ್ಮದು ಟೈಪ್-ಸಿ ಚಾರ್ಜರ್ ಆಗಿದ್ದರೆ ಅದರ ವ್ಯಾಟ್ ಗಮನಿಸಿ. 65 ವ್ಯಾಟ್ ಬೇಡುವ ಲ್ಯಾಪ್‌ಟಾಪ್‌ಗೆ ಮೊಬೈಲಿನ 20 ವ್ಯಾಟ್ ಚಾರ್ಜರ್ ಸಾಲದು. ದುಂಡು ಪಿನ್ನಿನ ಕೆಲವು ಅಡಾಪ್ಟರ್‌ಗಳಲ್ಲಿ ನಡುವೆ ಸೂಜಿಯಂಥ ಪಿನ್ ಇರುತ್ತದೆ. ಅದು ಮುರಿದರೆ ಅಥವಾ ಅಡಾಪ್ಟರ್ ನಕಲಿಯಾಗಿದ್ದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸದೆ ಬ್ಯಾಟರಿ ತುಂಬಲು ನಿರಾಕರಿಸುತ್ತದೆ. ಇವೆಲ್ಲ ಸರಿಯಿದ್ದರೆ ಯಂತ್ರವನ್ನು ಆಫ್ ಮಾಡಿ, ಅಡಾಪ್ಟರ್ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿಹಿಡಿದು ಮತ್ತೆ ಪ್ರಯತ್ನಿಸಿ.

ಕೈ ಜುಮ್ಮೆನ್ನುವುದನ್ನು ಮಾತ್ರ ಲಘುವಾಗಿ ತೆಗೆದುಕೊಳ್ಳಬೇಡಿ. ಅಡಾಪ್ಟರ್‌ನೊಳಗಿನ ಒಂದು ಬಗೆಯ ಕೆಪಾಸಿಟರ್ ಮೂಲಕ ಅತ್ಯಲ್ಪ ವಿದ್ಯುತ್ತು ಲೋಹದ ಮೈಗೆ ಸೋರುತ್ತದೆ, ಮೂರು ಪಿನ್ನಿನ ಅಡಾಪ್ಟರ್‌ನಲ್ಲಿ ಅದು ಅರ್ತಿಂಗ್ ತಂತಿಯ ಮೂಲಕ ನೆಲಕ್ಕಿಳಿಯಬೇಕು. ಜುಮ್ಮೆಂದರೆ ಅರ್ತಿಂಗ್ ಇಲ್ಲ ಅಥವಾ ದುರ್ಬಲವಾಗಿದೆ ಎಂದೇ ಬಗೆಯಬೇಕು. ಬಹಳ ಜನ ಮೂರನೆಯ ಪಿನ್ನನ್ನು ಮುರಿದುಬಿಡುತ್ತಾರೆ ಅಥವಾ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸುತ್ತಾರೆ, ಇದು ಅಪಾಯಕಾರಿ. ಬೇಸಿಗೆಯಲ್ಲಿ ಮನೆಯ ಅರ್ತಿಂಗ್ ಗುಂಡಿ ಒಣಗಿ ನಿರೋಧ ಹೆಚ್ಚುವುದರಿಂದ ಅದಕ್ಕೆ ನೀರು ಹಾಕುವ ರೂಢಿ ಒಳ್ಳೆಯದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದ ಅರ್ತಿಂಗ್ ಅಳೆಸಿ. ಆ ದೋಷದಿಂದ ಮಿಕ್ಸಿ, ಗೀಸರ್‌ಗಳನ್ನು ಬಳಸುವವರಿಗೂ ಅಪಾಯ ತಪ್ಪಿದ್ದಲ್ಲ. ಹೊಡೆತ ಜೋರಾಗಿದ್ದರೆ ಆ ಅಡಾಪ್ಟರನ್ನು ಮತ್ತೆ ಬಳಸಲೇಬೇಡಿ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಅಡಾಪ್ಟರ್ ಜೊತೆಗೆ ಇಂಟರ್‌ನೆಟ್ ಕೇಬಲನ್ನೂ ಕಳಚಿಡಿ, ಏಕೆಂದರೆ ಸಿಡಿಲಿನ ಆಘಾತ ಆ ತಂತಿಯಿಂದಲೂ ಬರುತ್ತದೆ.

ಪ್ರಶ್ನೆ: ಮನೆಯಿಂದಲೇ ಕೆಲಸ ಮಾಡುವ ನಾನು ಲ್ಯಾಪ್‌ಟಾಪನ್ನು ದಿನವಿಡೀ ಚಾರ್ಜಿಂಗ್‌ಗೆ ಹಾಕಿಟ್ಟಿರುತ್ತೇನೆ. ಬ್ಯಾಟರಿ ಕೆಡುತ್ತದೆಯೇ? (ಮಂಗಳೂರು)

ಉತ್ತರ: ಮಿತಿಮೀರಿ ತುಂಬುವ ಭಯವಿಲ್ಲ, ಒಳಗಿನ ಸರ್ಕಿಟ್ ಅದನ್ನು ತಡೆಯುತ್ತದೆ. ಆದರೆ ಲಿಥಿಯಂ-ಅಯಾನ್ ಕೋಶವು ಪೂರ್ತಿ ತುಂಬಿದ ಸ್ಥಿತಿಯಲ್ಲಿ, ಅದರಲ್ಲೂ ಬಿಸಿಯಾಗಿ, ಬಹುಕಾಲ ಇದ್ದರೆ ಬೇಗ ಸವೆಯುತ್ತದೆ. ತಯಾರಕರ ಆ್ಯಪ್‌ನಲ್ಲಿ ಚಾರ್ಜಿಂಗ್ ಮಿತಿಯನ್ನು ಶೇ 80ಕ್ಕೆ ಇಟ್ಟು ನಿಶ್ಚಿಂತೆಯಿಂದ ಹಾಕಿಡಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಮೇಲೆದ್ದು, ತಳ ಉಬ್ಬಿದೆ. ಕೆಲಸವೇನೋ ಸರಿಯಾಗಿ ಮಾಡುತ್ತಿದೆ. ಪರೀಕ್ಷೆ ಮುಗಿಯುವವರೆಗೆ ಬಳಸಬಹುದೇ? (ಬೆಳಗಾವಿ)

ಉತ್ತರ: ಬೇಡ, ಒಂದು ದಿನವೂ ಬೇಡ. ಒಳಗಿನ ರಾಸಾಯನಿಕ ದ್ರಾವಣ ಕೊಳೆತು ಹುಟ್ಟಿದ ಅನಿಲದಿಂದ ಬ್ಯಾಟರಿ ಊದಿಕೊಂಡಿದೆ. ಕೋಶದ ಧನ, ಋಣ ಪದರಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಹಾಳೆ ಕೂದಲಿಗಿಂತ ತೆಳುವಾಗಿರುತ್ತದೆ. ಒತ್ತಡದಿಂದ ಅದು ಹರಿದರೆ ಒಳಗೇ ಶಾರ್ಟ್ ಸರ್ಕಿಟ್ ಆಗಿ ಬೆಂಕಿ ಹತ್ತಬಹುದು. 2006ರಲ್ಲಿ ಡೆಲ್ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಕೂಡ ಕೋಶಗಳೊಳಗಿನ ಇಂಥದೇ ಶಾರ್ಟ್ ಸರ್ಕಿಟ್ ಭಯದಿಂದ. ಕೂಡಲೇ ಆಫ್ ಮಾಡಿ, ಅಡಾಪ್ಟರ್ ತೆಗೆಯಿರಿ. ಉಬ್ಬನ್ನು ಒತ್ತಬೇಡಿ, ಚುಚ್ಚಬೇಡಿ, ಮುಚ್ಚಳವನ್ನು ಬಲವಂತವಾಗಿ ಮಡಚಬೇಡಿ. ಕಿಟಕಿ ಪರದೆ, ಹಾಸಿಗೆಗಳಿಂದ ದೂರ, ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲಿಡಿ. ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ತೆಗೆಸಿದ ಮೇಲೆ ಅನೇಕ ಲ್ಯಾಪ್‌ಟಾಪ್‌ಗಳು ಬರೀ ಅಡಾಪ್ಟರ್‌ನಿಂದಲೇ ನಡೆಯುತ್ತವೆ, ನಿಮ್ಮ ಪರೀಕ್ಷೆಯ ಮಟ್ಟಿಗೆ ಅದು ಸಾಕಾಗಬಹುದು. ತೆಗೆದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ಉತ್ಪಾದಕರದು, ಆದ್ದರಿಂದ ಅದನ್ನು ಸರ್ವಿಸ್ ಸೆಂಟರಿನಲ್ಲಿಯೇ ಒಪ್ಪಿಸಿ. ಹೊಸದನ್ನು ಕೊಳ್ಳುವಾಗ ಬ್ಯಾಟರಿ ಸುರಕ್ಷತೆಯ ಭಾರತೀಯ ಮಾನದಂಡವಾದ ಐಎಸ್ 16046ರ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿ.