ಲೈಬ್ರರಿ ಇದೆ, ಲಿಂಕ್ ಆಗುವುದಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ನಮ್ಮ ಸಣ್ಣ ಘಟಕದಲ್ಲಿ ಯಂತ್ರಗಳ ತಾಪಮಾನವನ್ನು ದಾಖಲಿಸುವ ತಂತ್ರಾಂಶವೊಂದನ್ನು ಸಿ ಭಾಷೆಯಲ್ಲಿ ಬರೆದಿದ್ದೇವೆ. ಅದು ಡೆಬಿಯನ್ ಲಿನಕ್ಸ್ ಇರುವ ಕಚೇರಿಯ ಪಿಸಿಯಲ್ಲೂ 64 ಬಿಟ್‌ನ ಆರ್ಮ್ ಬೋರ್ಡಿನಲ್ಲೂ ಓಡಬೇಕು. ಎರಡನ್ನೂ ಪಿಸಿಯಲ್ಲೇ ಬಿಲ್ಡ್ ಮಾಡುತ್ತೇವೆ. ದತ್ತಾಂಶವನ್ನು ಕುಗ್ಗಿಸುವ ಝಡ್‌ಲಿಬ್ ಲೈಬ್ರರಿಯನ್ನು ‘/ಯುಎಸ್‌ಆರ್/ಲೋಕಲ್/ಲಿಬ್’ ಡೈರೆಕ್ಟರಿಯಲ್ಲಿ ಹಾಕಿದ್ದೇವೆ, ಆ ಜಾಗವನ್ನು ಲಿಂಕರಿಗೂ (ಪ್ರೋಗ್ರಾಮನ್ನು ಲೈಬ್ರರಿಗಳ ಜೊತೆ ಜೋಡಿಸುವ ಸಾಧನ) ತಿಳಿಸಿದ್ದೇವೆ. ಆದರೂ ಬೋರ್ಡಿಗೆ ಬಿಲ್ಡ್ ಮಾಡುವಾಗ ಬೇಕಾದದ್ದೆಲ್ಲ ಇದೆಯೇ ಎಂದು ಮೊದಲೇ ಪರೀಕ್ಷಿಸುವ ‘ಕಾನ್ಫಿಗರ್’ ಸ್ಕ್ರಿಪ್ಟು ಲೈಬ್ರರಿ ಇಲ್ಲವೆನ್ನುತ್ತದೆ. ಅದೇ ಯೋಜನೆಯ ಇನ್ನೊಂದು ಭಾಗಕ್ಕೆ ಬಳಸಿರುವ ಸಿಮೇಕ್ ಎಂಬ ಬಿಲ್ಡ್ ಸಾಧನ ಅದೇ ಲೈಬ್ರರಿ ಸಿಕ್ಕಿತೆಂದು ಹೇಳಿ, ಕೊನೆಗೆ ಲಿಂಕ್ ಹಂತದಲ್ಲಿ ಸೋಲುತ್ತದೆ. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ತುಮಕೂರು

ಉತ್ತರ: ಕಾನ್ಫಿಗರ್ ಹೇಳಿದ್ದನ್ನು ನಂಬಿ. ಎರಡೂ ನಡೆಸಿದ ಪರೀಕ್ಷೆಗಳು ಬೇರೆಯಾದ್ದರಿಂದ ಉತ್ತರಗಳೂ ಬೇರೆಯಾಗಿವೆ. ಆಟೋಕಾನ್ಫ್ ಎಂಬ ಸಾಧನದಿಂದ ತಯಾರಾದ ಕಾನ್ಫಿಗರ್ ಸ್ಕ್ರಿಪ್ಟು ಆ ಲೈಬ್ರರಿಯ ಒಂದು ಫಂಕ್ಷನ್ನನ್ನು ಕರೆಯುವ ಕೆಲವೇ ಸಾಲುಗಳ ಸಿ ಪ್ರೋಗ್ರಾಮನ್ನು ತಾನೇ ಬರೆದು, ನೀವು ಸೂಚಿಸಿದ ಕಂಪೈಲರಿನಿಂದ ಅದನ್ನು ಕಂಪೈಲ್ ಮಾಡಿ, ಲೈಬ್ರರಿಯ ಜೊತೆ ಲಿಂಕ್ ಮಾಡಿ ನೋಡುತ್ತದೆ. ಲಿಂಕ್ ಆದರೆ ‘ಇದೆ’, ಇಲ್ಲವಾದರೆ ‘ಇಲ್ಲ’. ಸಿಮೇಕ್‌ನ ‘ಫೈಂಡ್ ಲೈಬ್ರರಿ’ ಆದೇಶವಾದರೋ ತನಗೆ ಗೊತ್ತಿರುವ ಡೈರೆಕ್ಟರಿಗಳಲ್ಲಿ ಆ ಹೆಸರಿನ ಕಡತವಿದೆಯೇ ಎಂದಷ್ಟೇ ನೋಡುತ್ತದೆ. ಕಡತದ ಒಳಗಿರುವ ಸಂಕೇತ ಯಾವ ಪ್ರೊಸೆಸರಿನದು ಎಂದು ತೆರೆದು ನೋಡುವುದಿಲ್ಲ. ನಿಮ್ಮ ಡೈರೆಕ್ಟರಿಯಲ್ಲಿರುವುದು ಪಿಸಿಗಾಗಿ ಬಿಲ್ಡ್ ಮಾಡಿದ ಝಡ್‌ಲಿಬ್. ಹೆಸರು ಅದೇ, ಒಳಗಿನ ಯಂತ್ರಭಾಷೆ ಬೇರೆ.

ಇದನ್ನು ಖಚಿತಪಡಿಸಿಕೊಳ್ಳಲು, ಪರದೆಯ ಮೇಲೆ ಬರುವ ‘ನೋ’ ಎಂಬ ಒಂದೇ ಪದವನ್ನು ಬಿಟ್ಟು, ಅದೇ ಜಾಗದಲ್ಲಿ ಹುಟ್ಟುವ ‘ಕಾನ್ಫಿಗ್ ಲಾಗ್’ ಕಡತವನ್ನು ತೆರೆಯಿರಿ. ಕಾನ್ಫಿಗರ್ ಚಲಾಯಿಸಿದ ಆದೇಶ, ಲಿಂಕರಿನ ದೂರು, ಸೋತ ಪರೀಕ್ಷಾ ಪ್ರೋಗ್ರಾಮು ಮೂರೂ ಅದರಲ್ಲಿರುತ್ತವೆ. ಅಚ್ಚರಿಯೆಂದರೆ, ವರ್ಷಗಟ್ಟಲೆ ಈ ಕೆಲಸ ಮಾಡಿದವರಲ್ಲೂ ಅನೇಕರು ಆ ಕಡತದ ಕಡೆ ತಿರುಗಿ ನೋಡಿರುವುದಿಲ್ಲ. ‘ಸ್ಕಿಪಿಂಗ್ ಇನ್‌ಕಂಪ್ಯಾಟಿಬಲ್’ ಎಂಬ ಸಾಲು ಅಲ್ಲಿದ್ದರೆ, ಲಿಂಕರಿಗೆ ಆ ಹೆಸರಿನ ಕಡತ ಸಿಕ್ಕಿತು, ಆದರೆ ಗುರಿ ಪ್ರೊಸೆಸರಿಗೆ ಹೊಂದದ ಕಾರಣ ಅದನ್ನು ಬಿಟ್ಟು ಮುಂದಕ್ಕೆ ಹೋಯಿತು ಎಂದರ್ಥ. ಲಿನಕ್ಸ್ ಪ್ರೋಗ್ರಾಮು, ಲೈಬ್ರರಿಗಳು ಎಲ್ಫ್ ಎಂಬ ಮಾದರಿಯ ಕಡತಗಳು; ಅಂಥ ಪ್ರತಿ ಕಡತದ ತಲೆಭಾಗದಲ್ಲಿ ಪ್ರೊಸೆಸರಿನ ಗುರುತುಸಂಖ್ಯೆ ಇರುತ್ತದೆ: 64 ಬಿಟ್ ಇಂಟೆಲ್-ಎಎಮ್‌ಡಿಗೆ 62, 32 ಬಿಟ್ ಆರ್ಮ್‌ಗೆ 40, 64 ಬಿಟ್ ಆರ್ಮ್‌ಗೆ 183. ‘ಫೈಲ್’ ಅಥವಾ ‘ರೀಡ್‌ಎಲ್ಫ್’ ಆದೇಶಗಳು ಈ ಗುರುತನ್ನು ಓದಿ, ಪ್ರೊಸೆಸರಿನ ಹೆಸರನ್ನೇ ತೋರಿಸುತ್ತವೆ.

ಆ ಸಾಲು ಇಲ್ಲದೆ ‘ಸಿಗಲಿಲ್ಲ’ ಎಂದಷ್ಟೇ ಇದ್ದರೆ ಕಾರಣ ಬೇರೆ. ಓಡುವ ಪ್ರೋಗ್ರಾಮಿಗೆ ಬೇಕಾದ, ಹೆಸರಿನ ಕೊನೆಯಲ್ಲಿ ಆವೃತ್ತಿ ಸಂಖ್ಯೆಯಿರುವ ಲೈಬ್ರರಿ ಕಡತ ಮಾತ್ರ ಇದ್ದು, ಲಿಂಕರ್ ಹುಡುಕುವ ಸಂಖ್ಯೆಯಿಲ್ಲದ ಹೆಸರಿನ ಕೊಂಡಿಯೂ, ಲೈಬ್ರರಿಯ ಫಂಕ್ಷನ್ನುಗಳನ್ನು ಕಂಪೈಲರಿಗೆ ಪರಿಚಯಿಸುವ ಹೆಡರ್ ಕಡತಗಳೂ ಇಲ್ಲದಿರುವುದು ತೀರ ಸಾಮಾನ್ಯ. ಡೆಬಿಯನ್‌ನಲ್ಲಿ ಇವೆರಡೂ ‘ಡೆವ್’ ಎಂದು ಕೊನೆಗೊಳ್ಳುವ ಪ್ಯಾಕೇಜಿನಲ್ಲಿ ಬರುತ್ತವೆ. 2013ರಲ್ಲಿ ಬಂದ ಡೆಬಿಯನ್ 7ರಿಂದ ಹಲವು ಆರ್ಕಿಟೆಕ್ಚರುಗಳ (ಪ್ರೊಸೆಸರ್ ಬಗೆಗಳ) ಪ್ಯಾಕೇಜುಗಳನ್ನು ಒಂದೇ ಯಂತ್ರದಲ್ಲಿ ಇಡಬಲ್ಲ ಮಲ್ಟಿಆರ್ಕ್ ವ್ಯವಸ್ಥೆ ಇರುವುದರಿಂದ, ಪ್ಯಾಕೇಜುಗಳನ್ನು ನಿರ್ವಹಿಸುವ ‘ಡಿಪಿಕೆಜಿ’ಗೆ ಆರ್ಮ್64 ಎಂಬ ಹೆಚ್ಚುವರಿ ಆರ್ಕಿಟೆಕ್ಚರನ್ನು ತಿಳಿಸಿ, ಪ್ಯಾಕೇಜ್ ಪಟ್ಟಿಯನ್ನು ನವೀಕರಿಸಿ, ಪ್ಯಾಕೇಜಿನ ಹೆಸರಿನ ಕೊನೆಗೆ ವಿವರಣ ಚಿಹ್ನೆ (:) ಹಾಕಿ ಆರ್ಮ್64 ಎಂದು ಬರೆದು ಇನ್‌ಸ್ಟಾಲ್ ಮಾಡಿದರೆ, ಬೋರ್ಡಿನ ಲೈಬ್ರರಿ ನಿಮ್ಮ ಪಿಸಿಯಲ್ಲೇ ಅದರದೇ ಪ್ರತ್ಯೇಕ ಡೈರೆಕ್ಟರಿಯಲ್ಲಿ ಕೂರುತ್ತದೆ. ನೀವೇ ತುಂಬಿದ ‘/ಯುಎಸ್‌ಆರ್/ಲೋಕಲ್’ ಅನ್ನು ಬೋರ್ಡಿನ ಬಿಲ್ಡಿಗೆ ತೋರಿಸುವುದನ್ನು ನಿಲ್ಲಿಸಿ.

ಸಿಮೇಕ್‌ಗೆ ಯಾವ ಕಂಪೈಲರ್, ಯಾವ ಗುರಿ ಎಂದು ತಿಳಿಸುವ ಟೂಲ್‌ಚೈನ್ ಕಡತ ಬರೆದು, ಲೈಬ್ರರಿ ಮತ್ತು ಹೆಡರುಗಳನ್ನು ಗುರಿ ವ್ಯವಸ್ಥೆಯ ಮೂಲ (ರೂಟ್) ಡೈರೆಕ್ಟರಿಯೊಳಗೆ ಮಾತ್ರ ಹುಡುಕುವಂತೆಯೂ, ಬಿಲ್ಡ್ ಸಮಯದಲ್ಲಿ ಓಡಿಸಬೇಕಾದ ಸಾಧನಗಳನ್ನು ಪಿಸಿಯಿಂದಲೇ ತೆಗೆದುಕೊಳ್ಳುವಂತೆಯೂ ಕಟ್ಟುಪಾಡು ಹಾಕಬೇಕು. ಸಿಕ್ಕ ಲೈಬ್ರರಿಯನ್ನು ಒಂದು ಲಿಂಕ್ ಪರೀಕ್ಷೆಗೆ ಒಡ್ಡಿದ ಮೇಲಷ್ಟೇ ಅದನ್ನು ಬಳಸುವ ಆಯ್ಕೆಯನ್ನು ತೆರೆಯಿರಿ.

ಲೈಬ್ರರಿ ಎಲ್ಲಿದೆ, ಹೇಗೆ ಲಿಂಕ್ ಮಾಡಬೇಕು ಎಂದು ಹೇಳುವ ‘ಪಿಕೆಜಿ-ಕಾನ್ಫಿಗ್’ ಬಳಸುತ್ತಿದ್ದರೆ ಇನ್ನೊಂದು ಎಚ್ಚರಿಕೆ. ಅದರ ‘ಪಾತ್’ ಪರಿಸರ ಚರಾಂಶ ಹುಡುಕುವ ಪಟ್ಟಿಗೆ ಹೊಸ ಜಾಗವನ್ನು ಸೇರಿಸುತ್ತದೆಯೇ ಹೊರತು ಪಿಸಿಯ ಮೂಲ ಜಾಗಗಳನ್ನು ತೆಗೆಯುವುದಿಲ್ಲ. ಆದ್ದರಿಂದ ಬೋರ್ಡಿನಲ್ಲಿಲ್ಲದ ಲೈಬ್ರರಿಯ ವಿವರವನ್ನು ಅದು ಸದ್ದಿಲ್ಲದೆ ಪಿಸಿಯಿಂದ ತಂದುಕೊಡುತ್ತದೆ. ಮೂಲ ಪಟ್ಟಿಯನ್ನೇ ಬದಲಾಯಿಸುವುದು ‘ಲಿಬ್‌ಡಿರ್’ ಚರಾಂಶ. ಅಡ್ಡ ಬಿಲ್ಡಿಗೆ, ಅಂದರೆ ಒಂದು ಯಂತ್ರದಲ್ಲಿ ಕುಳಿತು ಬೇರೆ ಬಗೆಯ ಯಂತ್ರಕ್ಕೆ ಬಿಲ್ಡ್ ಮಾಡುವುದಕ್ಕೆ, ಬೇಕಾದದ್ದು ಇದೇ.

ಕಾನ್ಫಿಗರ್‌ಗೆ ‘ಹೋಸ್ಟ್’ (ಪ್ರೋಗ್ರಾಮು ಓಡಬೇಕಾದ ಯಂತ್ರ) ಆಯ್ಕೆಯನ್ನು ಮಾತ್ರ ಕೊಡುವ ಅಭ್ಯಾಸ ಹಲವರಿಗಿದೆ. ಆಗ ಅದು ಒಂದು ಪ್ರೋಗ್ರಾಮನ್ನು ಓಡಿಸಿ ನೋಡಿ, ಓಡದಿದ್ದರೆ ಅಡ್ಡ ಬಿಲ್ಡ್ ಎಂದು ಊಹಿಸುತ್ತದೆ. ಪಿಸಿಯಲ್ಲಿ ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯೂಎಮು ಇದ್ದು ಆರ್ಮ್ ಪ್ರೋಗ್ರಾಮುಗಳು ತಾವಾಗಿ ಓಡುವಂತೆ ಹೊಂದಿಸಿದ್ದರೆ ಈ ಊಹೆ ತಪ್ಪಿ, ಬೋರ್ಡಿನ ಬಗೆಗಿನ ಪ್ರಶ್ನೆಗಳಿಗೆ ಪಿಸಿಯ ಕರ್ನಲ್ ಉತ್ತರ ಕೊಡಲಾರಂಭಿಸುತ್ತದೆ. ‘ಬಿಲ್ಡ್’ (ಬಿಲ್ಡ್ ನಡೆಯುವ ಯಂತ್ರ) ಮತ್ತು ‘ಹೋಸ್ಟ್’ ಎರಡನ್ನೂ ಕೊಟ್ಟರೆ ಈ ಗೊಂದಲಕ್ಕೆ ಎಡೆಯಿಲ್ಲ. ಪ್ರತಿ ಆರ್ಕಿಟೆಕ್ಚರಿಗೂ ಪ್ರತ್ಯೇಕ ಬಿಲ್ಡ್ ಡೈರೆಕ್ಟರಿ ಇರಲಿ. ಹಳೆಯ ಉತ್ತರಗಳನ್ನು ನೆನಪಿಡುವ ಕ್ಯಾಶ್ ಕಡತವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯಬೇಡಿ.

ಪ್ರಶ್ನೆ: ಕೋಲಾರದ ಟೊಮೆಟೊ ಮಾರುಕಟ್ಟೆಯ ದರಗಳನ್ನು ತೋರಿಸುವ ಫಲಕವೊಂದನ್ನು ರಾಸ್ಪ್‌ಬೆರಿ ಪೈ 4ರಿಂದ ಮಾಡುತ್ತಿದ್ದೇನೆ. ‘ಯುನೇಮ್’ ಆದೇಶ 64 ಬಿಟ್ ಎಂದು ಹೇಳಿದ್ದರಿಂದ 64 ಬಿಟ್‌ನ ಲೈಬ್ರರಿಯನ್ನೇ ತಂದು ಹಾಕಿದೆ. ಪೈಯಲ್ಲೇ ಬಿಲ್ಡ್ ಮಾಡಿದರೂ ಅದು ಹೊಂದುತ್ತಿಲ್ಲವೇಕೆ?
– ವಿದ್ಯಾರ್ಥಿ, ಬಂಗಾರಪೇಟೆ

ಉತ್ತರ: ‘ಯುನೇಮ್’ ಹೇಳುವುದು ಕರ್ನಲ್‌ನ, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳಿನ, ವಿಷಯವನ್ನು. ರಾಸ್ಪ್‌ಬೆರಿ ಪೈ ಓಎಸ್‌ನ 32 ಬಿಟ್ ಆವೃತ್ತಿಯಲ್ಲಿಯೂ ಪೈ 4ರ ಮೇಲೆ 64 ಬಿಟ್ ಕರ್ನಲ್ ಬೂಟ್ ಆಗುವ ಏರ್ಪಾಡು 2023ರಿಂದ ಇದೆ. ಅದರ ಮೇಲಿನ ಕಂಪೈಲರ್, ಲೈಬ್ರರಿಗಳೆಲ್ಲ 32 ಬಿಟ್‌ನವೇ. ಹಾಗಾಗಿ ಕಂಪೈಲರನ್ನೇ ಕೇಳಿ: ಜಿಸಿಸಿ ಕಂಪೈಲರಿನ ‘ಡಂಪ್‌ಮಷೀನ್’ ಆಯ್ಕೆಯು ತಾನು ಯಾವ ಯಂತ್ರಕ್ಕೆ ಸಂಕೇತ ತಯಾರಿಸುತ್ತೇನೆಂದು ಹೇಳುತ್ತದೆ, ‘ಡಿಪಿಕೆಜಿ’ಯೂ ತನ್ನ ಆರ್ಕಿಟೆಕ್ಚರನ್ನು ಮುದ್ರಿಸುತ್ತದೆ. ಅಲ್ಲಿ ‘ಆರ್ಮ್‌ಹೆಚ್‌ಎಫ್’ ಎಂದು ಬಂದರೆ ನಿಮಗೆ ಬೇಕಾದದ್ದು 32 ಬಿಟ್ ಲೈಬ್ರರಿ.

32 ಬಿಟ್‌ನದನ್ನೇ ತಂದರೂ ಒಂದು ತೊಡಕು ಉಳಿದಿರಬಹುದು. ಡೆಬಿಯನ್ ‘ಆರ್ಮೆಲ್’ ಮತ್ತು ‘ಆರ್ಮ್‌ಹೆಚ್‌ಎಫ್’ ಎಂದು ಎರಡು 32 ಬಿಟ್ ಆರ್ಮ್ ವಿಧಗಳನ್ನು ಇಟ್ಟುಕೊಂಡಿತ್ತು. ದಶಮಾಂಶ ಸಂಖ್ಯೆಗಳನ್ನು ಫಂಕ್ಷನ್ನಿಗೆ ದಾಟಿಸುವಾಗ ಮೊದಲನೆಯದು ಸಾಮಾನ್ಯ ರಿಜಿಸ್ಟರುಗಳನ್ನೂ ಎರಡನೆಯದು ಗಣಿತಕ್ಕೆಂದೇ ಇರುವ ವಿಎಫ್‌ಪಿ ರಿಜಿಸ್ಟರುಗಳನ್ನೂ ಬಳಸುತ್ತದೆ. ಎರಡರ ಗುರುತುಸಂಖ್ಯೆಯೂ 40 ಆಗಿರುವುದರಿಂದ ಇವು ಹೊರ ಅಳತೆ ಒಂದೇ ಇದ್ದು ಥ್ರೆಡ್ ಮಾತ್ರ ಬೇರೆಯಾದ ಬೋಲ್ಟುಗಳಂತೆ. ಲಿಂಕರ್ ವಿಎಫ್‌ಪಿ ರಿಜಿಸ್ಟರುಗಳ ಬಗ್ಗೆ ದೂರಿದರೆ ಕಾರಣ ಇದೆಂದು ತಿಳಿಯಿರಿ.

ಪ್ರಶ್ನೆ: ಮ್ಯಾಕ್‌ನಲ್ಲಿ ಇಂಟೆಲ್ ಮತ್ತು ಆಪಲ್ ಸಿಲಿಕಾನ್ (ಆಪಲ್‌ನದೇ ಆರ್ಮ್ ಪ್ರೊಸೆಸರ್) ಎರಡಕ್ಕೂ ಒಂದೇ ಸಲ ಕಾನ್ಫಿಗರ್ ಮಾಡಬಹುದೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಮಾಡಬಹುದು, ಆದರೆ ನಾನು ಅದನ್ನು ಸಲಹೆ ಮಾಡುವುದಿಲ್ಲ. ಎರಡೂ ಆರ್ಕಿಟೆಕ್ಚರುಗಳನ್ನು ಕಂಪೈಲರಿಗೆ ಒಟ್ಟಿಗೆ ಕೊಟ್ಟಾಗ ಲಿಂಕ್ ಪರೀಕ್ಷೆ ಗೆಲ್ಲಬೇಕಾದರೆ ಲೈಬ್ರರಿಯೊಳಗೂ ಎರಡೂ ಭಾಗಗಳಿರಬೇಕು. ಆಪಲ್ ಸಿಲಿಕಾನ್ ಮ್ಯಾಕ್‌ನಲ್ಲಿ ಹೋಮ್‌ಬ್ರೂ ಎಂಬ ಪ್ಯಾಕೇಜ್ ಸಾಧನ ಹಾಕುವ ಲೈಬ್ರರಿಗಳಲ್ಲಿ ಸಾಮಾನ್ಯವಾಗಿ ಆರ್ಮ್ ಭಾಗ ಮಾತ್ರ ಇರುತ್ತದೆ. ‘ಲಿಪೊ’ ಆದೇಶದಿಂದ ಇದನ್ನು ನೋಡಿಕೊಳ್ಳಬಹುದು. ಲೈಬ್ರರಿ ಸರಿಯಿದ್ದರೂ ಸಿ ಭಾಷೆಯ ‘ಲಾಂಗ್ ಡಬಲ್’ ಎಂಬ ದಶಮಾಂಶ ಸಂಖ್ಯಾ ವಿಧ ಇಂಟೆಲ್ ಮ್ಯಾಕ್‌ನಲ್ಲಿ 16 ಬೈಟ್, ಆಪಲ್ ಸಿಲಿಕಾನ್‌ನಲ್ಲಿ 8 ಬೈಟ್; ಕಾನ್ಫಿಗರ್ ಬರೆಯುವ ಒಂದೇ ಹೆಡರ್ ಕಡತದಲ್ಲಿ ಎರಡರಲ್ಲಿ ಒಂದು ಅಳತೆಗಷ್ಟೇ ಜಾಗ. ಎರಡು ಡೈರೆಕ್ಟರಿಗಳಲ್ಲಿ ಬೇರೆ ಬೇರೆಯಾಗಿ ಬಿಲ್ಡ್ ಮಾಡಿ, ಸಿದ್ಧವಾದ ಕಡತಗಳನ್ನು ‘ಲಿಪೊ’ದಿಂದಲೇ ಒಂದುಗೂಡಿಸಿ.