ಹಳೆ ಪಿಕಪ್‌ಗೆ ಹೊಸ ಚಿತ್ತಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು 2009ರ ಬಿಳಿ ಪಿಕಪ್, ನೆಲ್ಲಿನ ಚೀಲ ಹೇರುವ ಗಾಡಿ. ಹಿಂದಿನ ಮಾಲೀಕರು ಡೋರುಗಳಿಗೆ ಬ್ರಷ್‌ನಲ್ಲಿ ಎನಾಮಲ್ ಹಚ್ಚಿಸಿದ್ದಾರೆ. ಈಗ ಎರಡೂ ಬದಿಗೆ ಕೆಂಪು, ಕಪ್ಪು ಪಟ್ಟೆ ಸ್ಪ್ರೇ ಮಾಡಿಸಬೇಕೆಂದಿದ್ದೇವೆ. ಹಳೇ ಬಣ್ಣದ ಮೇಲೇ ಹೊಡೆಯೋಣ ಅಂತಾರೆ ಪೇಂಟರ್. ಆಗುತ್ತದಾ? ಎಷ್ಟು ಬಣ್ಣ ತರಬೇಕು?
— ಓದುಗರು, ಸಿರುಗುಪ್ಪ

ಉತ್ತರ: ಡೋರಿನ ಮೇಲೆ ಆಗುವುದಿಲ್ಲ. ಉಳಿದ ಕಡೆ ಆಗಬಹುದು, ಆದರೆ ಮೊದಲು ಒಂದು ಪರೀಕ್ಷೆ ಮಾಡಿ. ಹತ್ತಿಬಟ್ಟೆಯನ್ನು ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ನಲ್ಲಿ ಅದ್ದಿ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ನಿಮಿಷ ಒತ್ತಿ ಹಿಡಿದು ಉಜ್ಜಿ. ಏನೂ ಆಗದಿದ್ದರೆ ಅದು ಕಂಪನಿಯಲ್ಲಿ ಕಾಯಿಸಿದ ಬಣ್ಣ ಅಥವಾ ಬಣ್ಣ ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಹೊಡೆದದ್ದು. ಬಟ್ಟೆಗೆ ಬಣ್ಣ ಹತ್ತಿದರೆ ಎನ್‌ಸಿ ಬಣ್ಣ. ಮೇಲ್ಮೈ ಮೆತ್ತಗಾಗಿ ಸುಕ್ಕೆದ್ದರೆ ಎನಾಮಲ್. ಎನಾಮಲ್ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆದರೆ ಅದರ ಥಿನ್ನರ್ ಕೆಳಗಿಳಿದು ಹಳೆ ಪದರವನ್ನು ಉಬ್ಬಿಸುತ್ತದೆ, ಮೇಲಿನ ಪಟ್ಟೆ ಒಣದ್ರಾಕ್ಷಿಯಂತೆ ಮುದುಡುತ್ತದೆ. ಎಷ್ಟೋ ಸಲ ಇದು ಮೊದಲ ಕೋಟ್‌ನಲ್ಲಿ ಕಾಣುವುದಿಲ್ಲ, ಕೊನೆಯ ಪಾರದರ್ಶಕ ಪದರವಾದ ಕ್ಲಿಯರ್ ಹೊಡೆದ ಮೇಲೆ ಏಳುತ್ತದೆ. ಅಷ್ಟು ಹೊತ್ತಿಗೆ ಪೂರ್ತಿ ಖರ್ಚು ಆಗಿರುತ್ತದೆ.

ಆದ್ದರಿಂದ ಡೋರಿನ ಎನಾಮಲ್ ಪೂರ್ತಿ ತೆಗೆಸಿ. 80ನೇ ನಂಬರ್ ಸ್ಯಾಂಡ್ ಪೇಪರ್‌ನಿಂದ ಶುರುಮಾಡಿ, ಆ ಗೀರು ಹೋಗುವಂತೆ 180, ಆಮೇಲೆ 320. ತಗಡು ಕಂಡಲ್ಲಿ ಎಪಾಕ್ಸಿ ಪ್ರೈಮರ್ ಹಾಕಿ. ರೆಡ್ ಆಕ್ಸೈಡ್ ಪ್ರೈಮರ್ ಗ್ರಿಲ್ಲು, ಗೇಟುಗಳಿಗೆ ಸರಿ, ಇಲ್ಲಿ ಬೇಡ. ಅದೂ ಪಿಯು ಥಿನ್ನರ್‌ಗೆ ಏಳುವ ಜಾತಿಯದೇ. ಕುಳಿಗಳಿಗೆ ಪುಟ್ಟಿ ಹಚ್ಚುವಾಗ ಹಾರ್ಡನರ್ ತೂಕದಲ್ಲಿ ನೂರಕ್ಕೆ 2ರಷ್ಟಿರಲಿ. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕುತ್ತಾರೆ, ಅದರಲ್ಲಿರುವ ಪೆರಾಕ್ಸೈಡ್ ಬಿಳಿ ಬಣ್ಣದ ಮೂಲಕ ಹಳದಿ ಕಲೆಯಾಗಿ ಹೊರಬರುತ್ತದೆ. ಕಂಪನಿ ಬಣ್ಣ ಗಟ್ಟಿಯಿರುವ ಕಡೆ ಇಷ್ಟೆಲ್ಲ ಬೇಡ, 600 ಅಥವಾ 800ರ ವಾಟರ್ ಪೇಪರ್ ಹೊಡೆದು ಹೊಳಪು ಸತ್ತರೆ ಸಾಕು.

ಟೇಪಿನ ವಿಷಯದಲ್ಲಿ ಉಳಿತಾಯ ಬೇಡ. ಅಂಚಿಗೆ 6 ಮಿಲಿಮೀಟರ್‌ನ ಪ್ಲಾಸ್ಟಿಕ್ ಫೈನ್‌ಲೈನ್ ಟೇಪ್, ಅದರ ಹೊರಗೆ ಮಾಮೂಲಿ ಮಾಸ್ಕಿಂಗ್ ಟೇಪ್. ಮುಚ್ಚಲು ಹಳೆ ಪೇಪರ್ ಬಳಸಿದರೆ ಥಿನ್ನರ್‌ಗೆ ಅದರ ಶಾಯಿ ಕರಗಿ ಬಿಳಿ ಬಣ್ಣದ ಮೇಲೆ ಅಚ್ಚೊತ್ತುತ್ತದೆ, ನಾಳೆ ನಿಮ್ಮ ಡೋರಿನಲ್ಲಿ ಸುದ್ದಿ ಓದಬಹುದು. ಟೇಪ್ ಅಂಟಿಸಿದ ಮೇಲೆ ಮೊದಲು ಗಾಡಿಯ ಮೂಲ ಬಿಳಿಯನ್ನೇ ತೆಳ್ಳಗೆ ಒಂದು ಕೈ ಹೊಡೆಸಿ. ಟೇಪಿನಡಿ ಸಂದಿಯಿದ್ದರೆ ಬಿಳಿಯೇ ತುಂಬಿಕೊಳ್ಳುತ್ತದೆ, ಆಮೇಲೆ ಕೆಂಪು ಒಳಗೆ ನುಗ್ಗುವುದಿಲ್ಲ. ಮೊದಲು ಕೆಂಪು, ಆಮೇಲೆ ಕಪ್ಪು. ಬಣ್ಣ ಬೆರಳಿಗೆ ಅಂಟದಂತಾದ ಕೂಡಲೇ ಟೇಪನ್ನು ಅದರ ಬೆನ್ನ ಮೇಲೆಯೇ ಮಡಚಿಕೊಂಡು ನಿಧಾನ ಎಳೆಯಿರಿ. ಮರುದಿನ ಎಳೆದರೆ ಅಂಚು ಚಕ್ಕೆಯೇಳುತ್ತದೆ. ಕ್ಲಿಯರನ್ನು ಪಟ್ಟೆಗಷ್ಟೇ ಹೊಡೆಯಬಾರದು, ಇಡೀ ಡೋರು, ಇಡೀ ಬಾಡಿ ತಗಡಿಗೆ ಎರಡು ಕೋಟ್ ಹೊಡೆಯಬೇಕು. ನಡುವೆ ನಿಂತ ಕ್ಲಿಯರ್‌ನ ಅಂಚು ಮೊದಲು ಸುಲಿಯುತ್ತದೆ.

ಲೆಕ್ಕ ಹೀಗೆ: 15 ಸೆಂಟಿಮೀಟರ್ ಅಗಲ, ನಾಲ್ಕೂವರೆ ಮೀಟರ್ ಉದ್ದದ ಪಟ್ಟೆ ಎರಡೂ ಬದಿ ಸೇರಿ 1.35 ಚದರ ಮೀಟರ್. ಸ್ಪ್ರೇ ಗನ್‌ನಿಂದ ಅರ್ಧದಷ್ಟು ಗಾಳಿಗೆ ಹೋದರೂ ಒಂದೊಂದು ಬಣ್ಣ ಕಾಲು ಲೀಟರ್ ಇದ್ದರೆ ಮಿಗುತ್ತದೆ. ಕ್ಲಿಯರ್ ಒಂದು ಲೀಟರ್. ಡಬ್ಬಿಯ ಮೇಲೆ 2:1 ಎಂದಿದ್ದರೆ ಹಾರ್ಡನರ್ ಅರ್ಧ ಲೀಟರ್. ಈ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಏನೂ ತಡೆಯುವುದಿಲ್ಲ. ಬಣ್ಣದ ಆವಿಗೆಂದೇ ಇರುವ ಫಿಲ್ಟರ್ ಮಾಸ್ಕ್ ಬೇಕು, ಗಾಳಿಯಾಡುವ ಜಾಗ ಬೇಕು.

ಇನ್ನು ನಮ್ಮ ಬಿಸಿಲು. ಏಪ್ರಿಲ್ ಮಧ್ಯಾಹ್ನ ಹೊಡೆದರೆ ಹನಿ ತಗಡು ಮುಟ್ಟುವ ಮೊದಲೇ ಅರ್ಧ ಒಣಗಿ, ಮೇಲ್ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ನಿಧಾನವಾಗಿ ಆರುವ ಥಿನ್ನರ್ ತರಿಸಿ, ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿ. ತಗಡಿನ ಮೇಲೆ ಅಂಗೈ ಇಟ್ಟು ಹತ್ತು ಎಣಿಸಲು ಆಗದಿದ್ದರೆ ಅಂದು ಗನ್ ಮುಟ್ಟಬೇಡಿ.

ಪ್ರಶ್ನೆ: ಅದಿರು ಧೂಳಿನ ರಸ್ತೆಯಲ್ಲೇ ದಿನಾ ಓಡಾಟ. ಗಾಡಿಗೆ ಹೊಳಪಿಲ್ಲದ ಮ್ಯಾಟ್ ಬಣ್ಣದ ಗ್ರಾಫಿಕ್ಸ್ ಮಾಡಿಸಬೇಕೆಂಬ ಆಸೆ. ಬಾಳಿಕೆ ಬರುತ್ತದಾ?
— ಓದುಗರು, ಸಂಡೂರು

ಉತ್ತರ: ಮ್ಯಾಟ್ ಬೇಡವೇ ಬೇಡ. ಅದರ ಮೇಲ್ಮೈ ಒರಟು, ಕೆಂಧೂಳು ಅದರೊಳಗೆ ಕೂರುತ್ತದೆ. ಪಾಲಿಶ್ ಹಾಕಿ ತೆಗೆಯಲು ಹೋದರೆ ಉಜ್ಜಿದಲ್ಲಿ ಮಾತ್ರ ಹೊಳಪು ಬಂದು ಮಚ್ಚೆಯಾಗುತ್ತದೆ. ಹೊಳಪಿನ ಕ್ಲಿಯರ್ ಹೊಡೆಸಿ. ನಿಮ್ಮ ರಸ್ತೆಗೆ ಬಿಳಿ, ತಿಳಿನೀಲಿಗಿಂತ ಕಂದುಗೆಂಪು, ಕಿತ್ತಳೆ, ಕಡುಬೂದು ಒಳ್ಳೆಯದು, ಧೂಳು ಕೂತರೂ ಚಿತ್ರ ಸಾಯುವುದಿಲ್ಲ. ಚಿತ್ತಾರವನ್ನು ಚಕ್ರದ ಕಮಾನಿನ ಮೇಲಿನ ಗೆರೆಯಿಂದ ಶುರುಮಾಡಿ. ಅದರ ಕೆಳಗೆ ಕಲ್ಲು ಸಿಡಿಯುವ ಜಾಗ, ಅಲ್ಲಿ ಸಾದಾ ಕಪ್ಪು ಸಾಕು. ಒಣ ಬಟ್ಟೆಯಿಂದ ಒರೆಸುವ ಅಭ್ಯಾಸ ಬಿಡಿ. ಅದಿರಿನ ಪುಡಿ ಪೇಪರ್ ಹೊಡೆದಂತೆಯೇ ಕೆಲಸ ಮಾಡುತ್ತದೆ. ಮೊದಲು ನೀರು ಹರಿಸಿ, ಆಮೇಲೆ ಶಾಂಪೂ.

ಪ್ರಶ್ನೆ: ಹಿಂಬಾಗಿಲಿಗೆ ಕಿನ್ನಾಳ ಶೈಲಿಯ ಹೂಬಳ್ಳಿ ಕೈಯಲ್ಲೇ ಬರೆಸಬೇಕು. ಹೇಗೆ?
— ಓದುಗರು, ಕೊಪ್ಪಳ

ಉತ್ತರ: ಆಸೆ ಒಳ್ಳೆಯದು, ಅಳತೆ ಬದಲಿಸಿಕೊಳ್ಳಿ. ಕಿನ್ನಾಳದ ಬೊಂಬೆಯನ್ನು ಕೈಯಲ್ಲಿ ಹಿಡಿದು ನೋಡುತ್ತೇವೆ, ಗಾಡಿಯನ್ನು ಹತ್ತು ಮೀಟರ್ ಹಿಂದಿನಿಂದ. 6 ಮಿಲಿಮೀಟರ್‌ಗಿಂತ ಸಣ್ಣ ಗೆರೆ ಅಲ್ಲಿಗೆ ಎದ್ದು ಕಾಣುವುದಿಲ್ಲ. ತಗಡಿನಲ್ಲಿ ಏಣುಗಳಿದ್ದರೆ ಬಳ್ಳಿಯನ್ನು ಅವುಗಳ ಮೇಲೆ ಹಾಯಿಸದೆ ನಡುವಿನ ಸಮತಟ್ಟು ಜಾಗದಲ್ಲಿ ಕೂರಿಸಿ. ಚಿತ್ರವನ್ನು ಪೂರ್ಣ ಅಳತೆಗೆ ಟ್ರೇಸಿಂಗ್ ಪೇಪರ್ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹಾಕಿ, ತಗಡಿಗೆ ಅಂಟಿಸಿ, ತೆಳು ಬಟ್ಟೆಯ ಗಂಟಿನಲ್ಲಿ ಸೀಮೆಸುಣ್ಣದ ಪುಡಿ ಕಟ್ಟಿ ತಟ್ಟಿದರೆ ಚುಕ್ಕಿ ಮೂಡುತ್ತದೆ. ಬೋರ್ಡ್ ಬರೆಯುವವರ ಹಳೆಯ ದಾರಿ ಇದು. ಕೈಯಲ್ಲಿ ಬರೆಯಲು ಬಳಸುವ ಎನಾಮಲ್‌ಗೆ ಟರ್ಪೆಂಟೈನ್ ಹತ್ತರಲ್ಲೊಂದು ಪಾಲು ಸಾಕು. ಒಂದು ಬಣ್ಣಕ್ಕೂ ಇನ್ನೊಂದಕ್ಕೂ 24 ಗಂಟೆ ಬಿಡಿ. ಇದರ ಮೇಲೆ ಪಿಯು ಕ್ಲಿಯರ್ ಹೊಡೆಸಬೇಡಿ, ಕಾರಣ ಮೊದಲ ಉತ್ತರದಲ್ಲಿದೆ.

ಪ್ರಶ್ನೆ: ಗ್ರಾಫಿಕ್ಸ್ ಮಾಡಿಸಿದರೆ ಆರ್‌ಟಿಒ ತಕರಾರು ಬರುತ್ತದಾ?
— ಓದುಗರು, ರಾಯಚೂರು

ಉತ್ತರ: ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿ ಅದಕ್ಕೆ ಹೊಂದಿಕೆಯಾಗಬೇಕು. ಮೂಲ ಬಣ್ಣವೇ ಬದಲಾಗುವಂತಿದ್ದರೆ ಡಬ್ಬಿ ಕೊಳ್ಳುವ ಮೊದಲೇ ಕಚೇರಿಗೆ ಹೋಗಿ. ಸೇನೆಯ ಆಲಿವ್ ಹಸಿರನ್ನು ಖಾಸಗಿ ಗಾಡಿಗೆ ಹೊಡೆಯುವಂತೆಯೇ ಇಲ್ಲ, ಕೇಂದ್ರ ನಿಯಮಾವಳಿಯ 121ನೇ ನಿಯಮ ನೋಡಿ. ನಂಬರ್ ಪ್ಲೇಟ್, ಲೈಟು, ರಿಫ್ಲೆಕ್ಟರ್ ಟೇಪ್ ಮುಚ್ಚಬಾರದು. ಬಾಡಿ ಮೇಲಿನ ತೂಕದ ಬರಹ ಅಳಿದಿದ್ದರೆ ಮತ್ತೆ ಬರೆಸಿ.

ಪ್ರಶ್ನೆ: ಬಣ್ಣ ಹೊಡೆದ ಕೂಡಲೇ ಮೀನಿನ ಕಣ್ಣಿನಂಥ ಸಣ್ಣ ಕುಳಿ ಬೀಳುತ್ತಿವೆ. ಮೂರು ಸಲ ಆಯಿತು.
— ಓದುಗರು, ಮಾನ್ವಿ

ಉತ್ತರ: ಸಿಲಿಕೋನ್ ಇಲ್ಲವೇ ಎಣ್ಣೆ. ಡ್ಯಾಶ್‌ಬೋರ್ಡ್, ಟೈರಿಗೆ ಹಾಕುವ ಪಾಲಿಶ್ ತಗಡಿಗೂ ತಾಗಿರುತ್ತದೆ. ಪೇಪರ್ ಹೊಡೆದ ನಂತರ ಮಾತ್ರ ಒರೆಸಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಗೀರುಗಳೊಳಗೆ ಇಳಿದಿರುತ್ತದೆ. ಪೇಪರಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಗ್ರೀಸ್ ರಿಮೂವರ್ ಹಾಕಿ, ಒದ್ದೆ ಬಟ್ಟೆಯ ಹಿಂದೆಯೇ ಒಣ ಬಟ್ಟೆ ಬರಲಿ. ಆದರೂ ಬಿದ್ದರೆ ಗನ್‌ನ ಗಾಳಿಯನ್ನು ಮಾತ್ರ ಕನ್ನಡಿಯ ಮೇಲೆ ಅರ್ಧ ನಿಮಿಷ ಬಿಟ್ಟು ನೋಡಿ. ಜಿಡ್ಡು ಕಂಡರೆ ತಪ್ಪು ಕಂಪ್ರೆಸರ್‌ನದು: ಟ್ಯಾಂಕಿನಲ್ಲಿ ನಿಂತ ನೀರು ಹೊರಬಿಟ್ಟು, ಪೈಪಿಗೆ ಎಣ್ಣೆ ತಡೆಯುವ ಫಿಲ್ಟರ್ ಹಾಕಿಸಿ.